ಎಲ್ಲದಕ್ಕೂ ಹೂಂ ಎನ್ನುವ ಹುಡುಗ

ಹೊಸನಗರ
೧೨-೪-೧೯೬೭

ಪ್ರೀತಿಯ ಸರೋಜ,

ಮದುವೆಗೆ ಇನ್ನು ಹದಿನೆಂಟು ದಿನ. ಒಂದೇ ಚಪ್ಪರದಡಿ ನೀನು ನಮ್ಮ ಧರ್ಮಣ್ಣನ ಕೈ ಹಿಡಿಯುತ್ತೀಯ, ನಾನು ನಿನ್ನಣ್ಣನ ಕೈ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ಈಗ ಮನೆಯನ್ನೇ ಅದಲುಬದಲು ಮಾಡಿಕೊಳ್ಳುತ್ತಿದ್ದೇವೆ ಎಂದು ನೀನು ತಮಾಷೆಗೆ ಬರೆದಿದ್ದೆ. ನನಗೆ ನಗು ಬರಲಿಲ್ಲ.

ದೀಪಾವಳಿಗೆ ಮುಂಚೆ ಲಾರಿಗೆ ನಾಟಾ ಏರಿಸುವಾಗ ಹಗ್ಗ ಜಾರಿ, ದಿಮ್ಮಿಯ ತುದಿ ಧರ್ಮಣ್ಣನ ಎದೆಗೆ ಬಡಿಯಿತು. ಚರ್ಮ ಕೂಡ ತರಚಲಿಲ್ಲ. ಅಮ್ಮ ಅರಿಸಿನ ಹಚ್ಚಲು ಬಂದರೆ, "ಪೆಟ್ಟಾಗಿದ್ದು ದಿಮ್ಮಿಗೆ, ಅದಕ್ಕೆ ಹಚ್ಚು" ಎಂದ. ಸಂಬಂಧ ಕುದುರಿದ ಮೇಲೆ ಎರಡೂ ಮನೆಯವರು ಕವಲೇದುರ್ಗ ಹತ್ತಿದೆವಲ್ಲ, ಆಗ ಎಲೆಅಡಿಕೆಯ ನೆಪದಲ್ಲಿ ಅವನು ಮೂರು ಕಡೆ ಕೂತ. ನಿನಗಾಗಿ ಕಾಯುತ್ತಿದ್ದಾನೆಂದು ನೀನು ನಾಚಿದೆ. ಅವನಿಗೆ ಉಸಿರು ಸಾಲುತ್ತಿರಲಿಲ್ಲ.

ಆ ಪೆಟ್ಟಿನಿಂದ ಹೃದಯದ ಕವಾಟ ಹರಿದಿದೆ ಎಂದರು ಸಾಗರದ ಡಾಕ್ಟರು. ಹೊರಗೆ ಹೋದ ರಕ್ತ ಮತ್ತೆ ಒಳಗೇ ಸೋರುತ್ತದಂತೆ. ಆಪರೇಷನ್ ಮಾಡುವವರು ಮದರಾಸಿನ ಕಡೆ ಇದ್ದಾರೆ, ಮಾಡಿದರೂ ಭರವಸೆಯಿಲ್ಲ. ಹೀಗೇ ಬಿಟ್ಟರೆ ಎರಡು ವರ್ಷ, ಹೆಚ್ಚೆಂದರೆ ಮೂರು. ಅಣ್ಣನಿಗೆ ಬರೀ ನಿತ್ರಾಣ ಎಂದು ಹೇಳಿ ಟಾನಿಕ್ ಕುಡಿಸುತ್ತಿದ್ದೇವೆ. ಸುಮ್ಮನೆ ಕೂತಾಗಲೂ ಎದೆ ಬಡಿದಂತೆಲ್ಲ ಅವನ ತಲೆ ಮೆಲ್ಲಗೆ ಮೇಲೆ ಕೆಳಗೆ ಆಡುತ್ತದೆ. ಹುಡುಗ ಎಲ್ಲದಕ್ಕೂ ಹೂಂ ಅಂತಾನೆ ಎಂದು ನಿಮ್ಮ ನೆಂಟರು ಮೆಚ್ಚಿಕೊಂಡು ಹೋದರು.

ನಿನಗೆ ತಿಳಿಸೋಣವೆಂದೆ. ಅಮ್ಮ ಅಕ್ಕಿ ಕೇರುವುದನ್ನು ನಿಲ್ಲಿಸಲಿಲ್ಲ.

"ತಿಳ್ಸು. ಆಮೇಲೆ ನಿನ್ನ ಯಾರು ಕಟ್ಕಳ್ತಾರೆ, ಅದನ್ನೂ ಹೇಳು. ಮೂರು ಜನ ನೋಡಿ ಹೋದ್ರಲ್ಲ, ಒಬ್ರಾದ್ರೂ ತಿರುಗಿ ಬಂದ್ರಾ?"

ನಿಜ. ನೀನು ಇಲ್ಲಿಗೆ ಬಂದರೆ ತಾನೆ ನಾನು ಅಲ್ಲಿಗೆ. ಒಂದು ಮುರಿದರೆ ಎರಡೂ ಮುರಿಯುತ್ತವೆ.

ಮುರಿಯಲಿ. ನೀನು ಬೇಡವೆಂದುಬಿಡು. ಕಾರಣ ಏನಾದರೂ ಹೇಳು, ನನ್ನ ಹೆಸರು ಮಾತ್ರ ಎತ್ತಬೇಡ. ನಿನ್ನ ಬಾಳು ಕೆಡಿಸಿ ನಾನು ಸುಖವಾಗಿರಲಾರೆ.

ನಿನ್ನವಳೇ ಆದ,
ಹೂವಮ್ಮ

ತಾ.ಕ.: ತೀರ್ಥಹಳ್ಳಿ, ೯-೫-೧೯೬೭. ಇದನ್ನು ಅಂದೇ ಅಂಚೆಗೆ ಹಾಕಲು ಹೊರಟಿದ್ದೆ. ಅಷ್ಟರಲ್ಲಿ ನಿನ್ನಣ್ಣನ ಕಾಗದ ಬಂತು. ನನ್ನ ಹೆಸರಿಗೆ ಒಬ್ಬ ಗಂಡಸು ಬರೆದ ಮೊದಲ ಕಾಗದ. ನಿನಗೆ ಬರೆದ ಇದನ್ನು ಟ್ರಂಕಿನ ತಳದಲ್ಲಿಟ್ಟೆ. ಮದುವೆಯಾಗಿ ಒಂಬತ್ತು ದಿನವಾಯಿತು, ಈಗ ಹಾಕುತ್ತಿದ್ದೇನೆ. ಅಣ್ಣನ ಊಟಕ್ಕೆ ಉಪ್ಪು ಕಡಿಮೆ ಮಾಡು, ಭಾರ ಎತ್ತಲು ಬಿಡಬೇಡ. ಇದನ್ನೋದಿ ತವರಿಗೆ ಬರಬೇಡ. ನೀನು ಬಂದ ದಿನವೇ ಇವರು ನನ್ನನ್ನು ಹೊಸನಗರದ ಬಸ್ಸು ಹತ್ತಿಸುತ್ತಾರೆ.