ಎರಡನೇ ಕಂಟ್ರೋಲರ್‌ನ ಮೈಕ್

ಮಾರ್ಚ್ 3, ಭಾನುವಾರ

ಹಳೇ ವಿಡಿಯೋ ಗೇಮಿನ ಕಂಟ್ರೋಲರ್‌ನ ಬಲಬಾಣದ ಗುಂಡಿ ಸರಿಹೋಯಿತು. ರಬ್ಬರಿನ ಅಡಿಯ ಕಪ್ಪು ಬಿಲ್ಲೆಗಳನ್ನು ಸ್ಪಿರಿಟ್‌ನಲ್ಲಿ ಒರೆಸಿದೆ, ಅಷ್ಟೆ. ಮೂವತ್ತಮೂರು ವರ್ಷದ ಕೊಳೆ. ಮೈಕ್ ಮಾತ್ರ ಇನ್ನೂ ಮೂಕ.

ಒಂದನೇ ಕಂಟ್ರೋಲರ್ ಯಾವಾಗಲೂ ಅಣ್ಣನದು. ಸ್ಟಾರ್ಟ್ ಗುಂಡಿ ಇರುವುದು ಅದರಲ್ಲೇ — ಆಟ ಶುರು ಮಾಡುವವನೂ ಅವನೇ, ನಿಲ್ಲಿಸುವವನೂ ಅವನೇ. ನನ್ನ ಎರಡನೆಯದರಲ್ಲಿ ಮೈಕ್. ಕೂಗಿದರೆ ದನಿ ಟಿವಿಯಲ್ಲಿ ಬರುತ್ತಿತ್ತು, ದೆವ್ವಗಳು ಪಟಪಟ ಉದುರುತ್ತಿದ್ದವು.

ಹದಿನೆಂಟನೇ ತಾರೀಖಿಗೆ ಅಣ್ಣನ ಆಪರೇಷನ್. ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಮೊನ್ನೆ ಊಟಕ್ಕೆ ಬಂದವನು, ಆ ಸೀಳುದನಿಯಲ್ಲಿ —

"ಚಿಜುರು, ಹಳೇ ಗೇಮ್ ತೆಗಿಯೇ. ಈ ಸಲ ಎರಡನೇದು ನಂಗೆ."

"ಹುಟ್ಟಿದಾಗಿಂದ ಒಂದನೇದು ಬಿಟ್ಟುಕೊಟ್ಟೋನಲ್ಲ ನೀನು!"

"ಅದಕ್ಕೇ. ಮೈಕ್ ರಿಪೇರಿ ಮಾಡು. ಅದ್ರಲ್ಲಿ ಒಂದು ಮಾತು ಹೇಳೋದಿದೆ."

ಏನು ಮಾತು? ಬಾಯಿ ಬಿಡಲಿಲ್ಲ. ಮೊಂಡ.

ಮಾರ್ಚ್ 6

ಕೆಲಸ ಮುಗಿಸಿ ನಿಪ್ಪೊಂಬಾಶಿಯ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋದೆ. ಬಿಡಿಭಾಗದ ಅಂಗಡಿಯ ತೊಕುನಾಗ ಅಜ್ಜ ನಕ್ಕರು.

"ಬೇರೇದು ತಗೊಂಡು ಹೋಗಮ್ಮ. ಇದರ ಜೊತೆ ಯಾಕೆ ಗುದ್ದಾಡ್ತೀಯ?"

"ಇದೇ ಬೇಕು ಅಜ್ಜ."

"ಹಾಗಾದ್ರೆ ಗುದ್ದಾಡು."

ಹೊಸ ಮೈಕ್ ಬೆಸೆದೆ. ತಂತಿಯನ್ನೂ ಬದಲಿಸಿದೆ. ಬೆರಳು ಸುಟ್ಟಿತು. ಊಹೂಂ. ಹದಿನೈದು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಕೈಯಂತೆ ಇದು! ಸದ್ದು ಹೆಚ್ಚು-ಕಡಿಮೆ ಮಾಡುವ ಸಣ್ಣ ಕಡ್ಡಿ ಒಂದು ತುದಿಯಲ್ಲೇ ಸಿಕ್ಕಿಕೊಂಡಿದೆ. ಜೋರಿನ ತುದಿ ತಾನೆ, ಇರಲಿ.

ಮಾರ್ಚ್ 8, ಬೆಳಿಗ್ಗೆ 9

ಆಸ್ಪತ್ರೆಯಿಂದ ಫೋನ್. ಆಪರೇಷನ್ ಹದಿನೆಂಟಕ್ಕಲ್ಲ, ಹನ್ನೊಂದನೇ ತಾರೀಖಿಗೇ. ನಾಳೆಯೇ ಸೇರಬೇಕು.

"ಆಯ್ತೇನೇ?" ಎಂದ ಅಣ್ಣ, ಆಮೇಲೆ ಫೋನ್ ಮಾಡಿದಾಗ.

"ಇನ್ನೆರಡು ದಿನ ಕೊಡೋ."

"ನಿಂದು ಯಾವಾಗ್ಲೂ ಇನ್ನೆರಡು ದಿನ." ನಕ್ಕ. ಕೆಮ್ಮು ಬಂತು.

(ಆಮೇಲೆ ಸೇರಿಸಿದ್ದು: ಅವನ ದನಿ ನಾನು ಕೇಳಿದ್ದು ಅದೇ ಕೊನೆ.)

ಮಾರ್ಚ್ 16

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆ.

ಕಡ್ಡಿಯನ್ನು ಬ್ಲೇಡಿನಿಂದ ಎತ್ತಿದೆ. ಅಡಿಯಲ್ಲಿ ಒಂದು ಹನಿ ಗೋಂದು, ಗಾಜಿನ ಹಾಗೆ ಗಟ್ಟಿ. ಯಾವ ತುದಿ ಜೋರು ಎಂಬುದನ್ನೇ ನಾನು ಮರೆತಿದ್ದೆ. ಇದು ಪೂರ್ತಿ ಮೌನದ ತುದಿ. ಮನೆಯಲ್ಲಿ ಗೋಂದು ಇದ್ದದ್ದು ಒಬ್ಬನ ಬಳಿ — ಆಟಿಕೆ ವಿಮಾನ ಅಂಟಿಸುತ್ತಿದ್ದ ಅಣ್ಣನ ಬಳಿ.

ಅಂದು ಮೈಕ್ ನಿಂತುಹೋದಾಗ "ಇವ್ಳೇ ಕಿರುಚಿ ಕಿರುಚಿ ಹಾಳು ಮಾಡಿದ್ಳು" ಎಂದಿದ್ದ. ಅಪ್ಪ ಕೆನ್ನೆಗೆ ಬಿಟ್ಟಿದ್ದರು. ನನಗೆ ಎಂಟು ವರ್ಷ. ಆಮೇಲೆ ಎಲ್ಲೂ ಜೋರಾಗಿ ಮಾತಾಡಿದವಳಲ್ಲ ನಾನು.

ಕಡ್ಡಿ ಸರಿಸಿ "ಆ" ಎಂದೆ. ಟಿವಿ "ಆ" ಎಂದಿತು. ಸಿಟ್ಟು ಬಂತು. ದನಿಯಿಲ್ಲದವನ ಮೇಲೆ ಸಿಟ್ಟೇ ಎಂದು ನಾಚಿಕೆಯೂ ಬಂತು. ಆಫ್ ಮಾಡಿದೆ.

ಮಾರ್ಚ್ 18

ಆಸ್ಪತ್ರೆ. ಆ ಗೋಂದಿನ ಚೂರನ್ನು ಊಟದ ತಟ್ಟೆಯ ಪಕ್ಕ ಇಟ್ಟೆ. ಬೆರಳಲ್ಲಿ ಎತ್ತಿ ನೋಡಿದ. ಆಮೇಲೆ ಬರೆಯುವ ಹಲಗೆ ಎಳೆದುಕೊಂಡ.

"ಅಪ್ಪಂಗೆ ನೈಟ್ ಶಿಫ್ಟ್. ಹಗಲು ನಿದ್ದೆ ಕೆಟ್ರೆ ನಿಂಗೆ ಬೀಳುತ್ತೆ ಅಂತ ಅಂಟಿಸ್ದೆ. ಕೇಳಿದಾಗ ಹೆದ್ರಿ ನಿನ್ ಹೆಸ್ರು ಹೇಳ್ದೆ."

ಒರೆಸಿದ. ಮತ್ತೆ ಬರೆದ.

"ಆ ಮೈಕಲ್ಲೇ, ಬಾಯಲ್ಲೇ ತಪ್ಪಾಯ್ತು ಅನ್ಬೇಕಿತ್ತು."

ನನಗೆ ಆ ಎರಡು ದಿನ ಬೇಕಿತ್ತು. ಎರಡೇ ದಿನ.

ಏಪ್ರಿಲ್ 21, ಭಾನುವಾರ

ಅಣ್ಣ ಬಂದ. ಬಿದಿರ ಮೊಳಕೆ ಹಾಕಿ ಮೆತ್ತಗೆ ಗಂಜಿ ಮಾಡಿದ್ದೆ. ಅರ್ಧ ಬಿಟ್ಟ.

ಎರಡನೇದು ಅವನಿಗೆ, ಒಂದನೇದು ನನಗೆ. ದೆವ್ವಗಳು ಬಂದವು. ಕುತ್ತಿಗೆಯ ಬಟ್ಟೆ ಸರಿಸಿ, ಆಪರೇಷನ್‌ನಲ್ಲಿ ಉಸಿರಾಟಕ್ಕೆಂದು ಮಾಡಿದ ತೂತಿಗೇ ಮೈಕ್ ಹಿಡಿದ. ಟಿವಿಯಲ್ಲಿ ಬರೀ ಉಸಿರು — ಹ್ಸ್... ಹ್ಸ್... ಒಂದು ದೆವ್ವ ಬಿತ್ತು. ನನ್ನ ಕಡೆ ತಿರುಗಿದ. ತುಟಿ ಆಡಿತು, ಮತ್ತೆ ಮತ್ತೆ ಅದೇ ಮಾತು.

"ಕೇಳಿಸ್ತು ಕಣೋ, ಸಾಕು" ಎಂದೆ. ಜೋರಾಗಿಯೇ ಎಂದೆ. ಕಣ್ಣು ಮಂಜಾಗಿ ಪರದೆ ಕಾಣಿಸಲಿಲ್ಲ. ಆಟ ನಿಲ್ಲಿಸಬಹುದಿತ್ತು, ಸ್ಟಾರ್ಟ್ ನನ್ನ ಹೆಬ್ಬೆರಳಿನಡಿಯಲ್ಲೇ ಇತ್ತು. ಒತ್ತಲಿಲ್ಲ. ಅವನು ಇನ್ನೊಮ್ಮೆ ಉಸಿರು ತುಂಬಿಕೊಂಡು ಮೈಕಿಗೆ ಊದಿದ; ಇನ್ನೊಂದು ದೆವ್ವ ಬಿತ್ತು.