ಎಲ್ಲರಿಗೂ ಥ್ಯಾಂಕ್ಸ್ ಹೇಳಿದ ದಿನ

ಅಡುಗೆಮನೆಯ ಮೇಜು,
ಭಾನುವಾರ, ಮಾರ್ಚ್ ೯

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಅಜ್ಜಿಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವಾಗ ಮೊಣಕಾಲು ಮಡಿಸು, ಬೆನ್ನು ಬಗ್ಗಿಸಬೇಡ ಎಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಅಜ್ಜಿ ಈಗಲೂ ನಿನ್ನನ್ನು ತನ್ನ ತಂಗಿ ಎಂದುಕೊಂಡು ಬೈಯುತ್ತಾರೆಯೇ? ಬೈಸಿಕೋ. ಇಲ್ಲಿ ನೀನು ನನ್ನನ್ನು ಬೈಯುತ್ತಿದ್ದುದಕ್ಕೆ ಅಲ್ಲಿ ವಸೂಲಿಯಾಗುತ್ತಿದೆ ಎಂದು ತಿಳಿದುಕೋ. ಚಳಿಗೆ ಕಾಲುಚೀಲ ಹಾಕಿಕೊಂಡೇ ಮಲಗು.

ನಿನ್ನ ಕಾಗದ ಬಂತು. ಅಜ್ಜಿಯ ಮಗ ಇನ್ನೊಂದು ವರ್ಷ ಇರಿ ಎನ್ನುತ್ತಿದ್ದಾನೆ, ಈ ತಿಂಗಳ ಕೊನೆಯೊಳಗೆ ಕರಾರಿಗೆ ಸಹಿ ಮಾಡಬೇಕು, ನೀವು ಹೂಂ ಅಂದರೆ ಮಾಡುತ್ತೇನೆ, ಬೇಡ ಅಂದರೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಫೋನಿನಲ್ಲಿ ಕೇಳಿದರೆ ನಾನು ‘ಎಲ್ಲ ಚೆನ್ನಾಗಿದೆ’ ಎಂದು ಹೇಳಿ ಇಟ್ಟುಬಿಡುತ್ತೇನೆಂದು ನಿನಗೆ ಗೊತ್ತು. ಅದಕ್ಕೇ ಕಾಗದದಲ್ಲಿ ಕೇಳಿದ್ದೀಯ, ಜಾಣೆ. ನನ್ನ ಉತ್ತರ ಹೂಂ. ಧಾರಾಳವಾಗಿ ಸಹಿ ಮಾಡು. ನಿನಗೆ ಆ ಕೆಲಸ ಒಗ್ಗಿದೆ, ಅಜ್ಜಿಗೆ ನೀನು ಒಗ್ಗಿದ್ದೀಯ. ನನ್ನೊಬ್ಬನಿಗೋಸ್ಕರ ಎಲ್ಲವನ್ನೂ ಬಿಟ್ಟು ಬರುವಂಥದ್ದು ಇಲ್ಲೇನೂ ಆಗಿಲ್ಲ. ಆದರೂ ನನ್ನ ಆರೋಗ್ಯದ ವಿಷಯ ಮುಚ್ಚಿಡದೆ ಬರೆಯಿರಿ ಎಂದಿದ್ದೀಯಲ್ಲ, ಬರೆಯುತ್ತೇನೆ.

ಡಾಕ್ಟರಮ್ಮ ಇದಕ್ಕೆ ಖಿನ್ನತೆ ಎನ್ನುತ್ತಾರೆ. ನೀನು ಹೋಗುವುದಕ್ಕೆ ಮುಂಚೆಯೇ ಇತ್ತು, ನಾವಿಬ್ಬರೂ ಅದನ್ನು ಸೋಮಾರಿತನ ಎಂದುಕೊಂಡಿದ್ದೆವು, ಅಷ್ಟೆ. ಬೆಳಗ್ಗೆ ಒಂದು ಕಾಲಿಗೆ ಶೂ ಹಾಕಿಕೊಂಡು ಮಂಚದ ಅಂಚಿನಲ್ಲಿ ಕೂತರೆ ಇನ್ನೊಂದು ಕಾಲಿಗೂ ಹಾಕಬೇಕು ಎನ್ನುವುದೇ ಬೆಟ್ಟದಷ್ಟು ಕೆಲಸವಾಗಿ ಕಾಣುತ್ತದೆ. ದುಃಖ ಎಂದರೆ ಅಳು ಬರಬೇಕಲ್ಲ, ಅದೂ ಬರುವುದಿಲ್ಲ. ಡಾಕ್ಟರಮ್ಮ ಮಾತ್ರೆ ಕೊಟ್ಟು ಜೊತೆಗೆ ಕೆಲವು ಅಭ್ಯಾಸಗಳನ್ನೂ ಹೇಳಿದರು. ಬೆಳಗ್ಗೆ ಸ್ವಲ್ಪ ನಡೆಯಬೇಕು. ಹಸಿವಿರಲಿ ಬಿಡಲಿ ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಮಲಗುವ ಮುಂಚೆ ಆ ದಿನದ ಮೂರು ಒಳ್ಳೆಯ ಸಂಗತಿಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಆಮೇಲೆ, ದಿನಕ್ಕೆ ಒಬ್ಬರಿಗಾದರೂ ಮುಖ ನೋಡಿ, ಏತಕ್ಕೆಂದು ಬಿಡಿಸಿ ಹೇಳಿ, ಥ್ಯಾಂಕ್ಸ್ ಹೇಳಬೇಕು. ಮಾತ್ರೆ ನುಂಗುವುದು ಸುಲಭ ಮಾರಾಯ್ತಿ, ಮೂರು ಒಳ್ಳೆಯ ಸಂಗತಿ ಹುಡುಕುವುದೇ ಪ್ರಾಣಸಂಕಟ. ಮೊದಲ ದಿನ ನಾನು ಹೇಳಿಕೊಂಡದ್ದು ಇಷ್ಟು: ನಲ್ಲಿಯಲ್ಲಿ ನೀರು ಬಂತು, ಬಲ್ಬು ಉರಿಯಿತು, ನಲ್ಲಿಯಲ್ಲಿ ಇನ್ನೂ ನೀರು ಬರುತ್ತಿದೆ. ನೀನು ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನನಗೆ ನಗು ಬರಲಿಲ್ಲ, ಆದರೆ ನೀನು ನಗುವುದು ನೆನಪಾಯಿತು. ಮಾರನೆಯ ದಿನ ಅದನ್ನೇ ಮೂರರಲ್ಲಿ ಒಂದಾಗಿ ಸೇರಿಸಿದೆ.

ಇನ್ನು ಥ್ಯಾಂಕ್ಸ್ ವಿಷಯ. ನಮ್ಮ ಆಸ್ಪತ್ರೆಯ ಲಾಂಡ್ರಿ ನಿನಗೆ ಗೊತ್ತೇ ಇದೆ. ಯಂತ್ರಗಳ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲ, ಕೇಳಿಸಿದರೂ ಅದು ಬೈಗುಳವೇ ಆಗಿರುತ್ತದೆ. ಅಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ಪದ್ಧತಿ ಇಲ್ಲ. ಹೇಳುವುದು ಒಂದೇ ಸಲ, ಕೆಲಸ ಬಿಡುವ ದಿನ. ಬಿಡುವವರು ಒಗೆಯುವ ಯಂತ್ರದಿಂದ ಹಿಡಿದು ಇಸ್ತ್ರಿಯ ರೋಲರಿನವರೆಗೆ ಒಬ್ಬೊಬ್ಬರ ಹತ್ತಿರವೂ ಹೋಗಿ, ಕೈಹಿಡಿದು ಹೇಳಿ ಬರುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಎಷ್ಟೋ ಜನಕ್ಕೆ ನಾನೂ ಕೈಕೊಟ್ಟು ಕಳಿಸಿದ್ದೇನೆ. ಆದರೂ ಕಳೆದ ತಿಂಗಳು ಒಂದು ಬೆಳಗ್ಗೆ, ದಿನಕ್ಕೊಬ್ಬರಂತೆ ಯಾರು ಹೇಳುತ್ತಾ ಕೂರುತ್ತಾರೆ, ಎಲ್ಲ ಒಟ್ಟಿಗೆ ಮುಗಿಸಿಬಿಡೋಣ ಎನ್ನಿಸಿ ಸಾಲಾಗಿ ಹೊರಟೆ. ನನ್ನ ಕೈ ಸುಟ್ಟಾಗ ಓಡಿ ಬಂದು ಸ್ವಿಚ್ ಆರಿಸಿದ ರೋಲರಿನ ಹೆಂಗಸಿಗೆ ಹೇಳಿದೆ. ನಾನು ತಡವಾಗಿ ಬಂದ ದಿನಗಳಲ್ಲಿ ಮೇಲಿನವರಿಗೆ ಹೇಳದೆ ಸುಮ್ಮನಿದ್ದ ಮೇಡಂಗೆ ಹೇಳಿದೆ. ಬಂಡಿ ತಳ್ಳುವ ಮುದುಕನಿಗೂ ಹೇಳಿದೆ. ಅವನಂತೂ ಟೋಪಿ ತೆಗೆದು ತಲೆ ಬಗ್ಗಿಸಿದ.

ಮಧ್ಯಾಹ್ನ ನೋಡಿದರೆ ಮಡಿಸುವ ಮೇಜಿನ ಮೇಲೆ ಕೇಕು, ಚಹಾ, ತಟ್ಟೆ ತುಂಬ ಬಿಸ್ಕತ್ತು. ನನಗೆ ಬೀಳ್ಕೊಡುಗೆ. ಮೇಡಂ ಭಾಷಣವನ್ನೂ ಮಾಡಿದರು. ಇಂಥ ಸೌಮ್ಯ ಮನುಷ್ಯ ಇನ್ನು ಸಿಗುವುದಿಲ್ಲ ಎಂದರು, ಹಿಂದಿನ ವಾರವಷ್ಟೇ ನನ್ನನ್ನು ಮರದ ಕೊರಡು ಎಂದು ಕರೆದವರು. ಇಲ್ಲಮ್ಮಾ, ನಾನು ಎಲ್ಲಿಗೂ ಹೋಗುತ್ತಿಲ್ಲ ಎಂದು ಹೇಳಬೇಕಿತ್ತು. ಕೇಕು ಕತ್ತರಿಸಿದೆ, ತಿಂದೆ, ಅವರು ಕೊಟ್ಟ ಕೈಗಡಿಯಾರವನ್ನು ಕಟ್ಟಿಸಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬಗ್ಗೆ ಅಷ್ಟು ಜನ ಅಷ್ಟು ಒಳ್ಳೆಯ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ, ಅದು ಯಾವುದೂ ಒಳಗೆ ಇಳಿಯಲಿಲ್ಲ. ಬೇರೆ ಯಾರದೋ ಮನೆಯ ಸಮಾರಂಭಕ್ಕೆ ಹೋಗಿ ಮೂಲೆಯಲ್ಲಿ ಕೂತ ಹಾಗಿತ್ತು.

ಗೊಣಗಣ್ಣ ಒಬ್ಬ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನ ಜೊತೆ ಹಾಸುಬಟ್ಟೆ ಮಡಿಸುವವನು, ನಿನಗೆ ನೆನಪಿರಬೇಕು, ನಮ್ಮ ಮನೆಗೆ ಬಂದಾಗ ಚಹಾ ಬಿಸಿಯಾಯಿತು ಎಂದು ಗೊಣಗಿ, ಆರಿದ ಮೇಲೆ ತಣ್ಣಗಾಯಿತು ಎಂದು ಗೊಣಗಿದನಲ್ಲ, ಅವನೇ. ಹಾಸುಬಟ್ಟೆಯನ್ನು ಒಬ್ಬರೇ ಮಡಿಸಲು ಆಗುವುದಿಲ್ಲ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಕೊಡವಿ, ಎದುರುಬದುರು ನಡೆದು ಬಂದು ಅಂಚು ಕೂಡಿಸಬೇಕು. ಹೀಗಾಗಿ ದಿನವಿಡೀ ನನ್ನ ಮುಖ ನೋಡುವವನು ಅವನೊಬ್ಬನೇ. ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದು, ‘ಬೇರೆ ಕೆಲಸ ಸಿಕ್ತಾ?’ ಅಂದ. ಇಲ್ಲ ಎಂದೆ. ‘ಹೆಂಡತಿ ಹತ್ರ ಹೋಗ್ತಿದೀಯಾ?’ ಇಲ್ಲ ಎಂದೆ. ‘ಮತ್ತೆ ಎಲ್ಲಿಗೆ ಹೊರಟಿದೀಯ?’ ನಾನು ಮೇಜಿನ ಮೇಲೆ ಬಿದ್ದ ಕೇಕಿನ ಪುಡಿಯನ್ನು ಒರೆಸತೊಡಗಿದೆ. ಅವನು ಇನ್ನೇನೂ ಕೇಳದೆ ನನ್ನ ಜೊತೆ ಮನೆಯವರೆಗೂ ಬಂದ, ಇದ್ದಬದ್ದ ಪಾತ್ರೆಯನ್ನೆಲ್ಲ ತೊಳೆದ, ನಿನ್ನ ಸೌಟಿನ ಹಿಡಿ ಸಡಿಲವಾಗಿದೆ ಎಂದು ಗೊಣಗಿ ಕತ್ತಲಾದ ಮೇಲೂ ಕೂತೇ ಇದ್ದ. ಮಾರನೆಯ ದಿನ ಬೆಳಗ್ಗೆ ಮತ್ತೆ ಬಂದು ಬಾಗಿಲು ಬಡಿದ. ಇವನು ಎಲ್ಲಿಗೂ ಹೋಗುತ್ತಿಲ್ಲ, ತಲೆ ಕೆಟ್ಟಿತ್ತು ಎಂದು ಮೇಡಂಗೆ ಅವನೇ ಹೇಳಿದ. ಗಡಿಯಾರ ವಾಪಸು ಕೊಡಲು ಹೋದರೆ, ಇಟ್ಟುಕೋ, ಇನ್ನು ಮೇಲಾದರೂ ಹೊತ್ತಿಗೆ ಸರಿಯಾಗಿ ಬಾ ಎಂದರು.

ಆವತ್ತಿನಿಂದ ದಿನಾ ಬೆಳಗ್ಗೆ ಬರುತ್ತಾನೆ. ‘ನನ್ನ ಕರ್ಮ, ಈ ಚಳೀಲಿ ನಿನ್ನ ಹಿಂದೆ ಸುತ್ತಬೇಕು’ ಎನ್ನುತ್ತಾ ನಾನು ಎರಡನೆಯ ಶೂ ಹಾಕುವವರೆಗೂ ಬಾಗಿಲಲ್ಲಿ ನಿಂತಿರುತ್ತಾನೆ. ಕಾಲುವೆಯ ಪಕ್ಕ ಹೋಗಿ, ಸೇತುವೆ ಮುಟ್ಟಿ ವಾಪಸು ಬರುತ್ತೇವೆ. ಇದರಿಂದೆಲ್ಲ ಗುಣವಾಯಿತೇ ಎಂದು ಕೇಳಬೇಡ. ಮನಸ್ಸಿನ ಮೇಲಿನ ಭಾರ ಹಾಗೇ ಇದೆ. ಮೂರು ಸಂಗತಿಗಳಲ್ಲಿ ಒಂದೊಂದು ದಿನ ಎರಡು ಸುಳ್ಳೇ. ಆದರೆ ಮೊನ್ನೆ ಡ್ರೈಯರಿನಿಂದ ತೆಗೆದ ಬಿಸಿ ಬಟ್ಟೆಯ ರಾಶಿಗೆ ಕೈ ಹಾಕಿದಾಗ ಹಾಯಾಗಿದೆ ಎನ್ನಿಸಿತು. ಎಷ್ಟೋ ತಿಂಗಳಿಂದ ಹಾಗೆ ಏನೂ ಅನ್ನಿಸಿರಲಿಲ್ಲ. ಒಂದು ಗಳಿಗೆ ಅಷ್ಟೆ, ಆಮೇಲೆ ಹೋಯಿತು. ಅದನ್ನು ಆ ರಾತ್ರಿ ಜೋರಾಗಿಯೇ ಹೇಳಿಕೊಂಡೆ, ಪಕ್ಕದ ಮನೆಯವರು ಗೋಡೆ ಬಡಿದರು.

ನಿನ್ನ ಗುಲಾಬಿ ಕುಂಡಕ್ಕೆ ನೀರು ಹಾಕುತ್ತಿದ್ದೇನೆ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಸೊಂಟಕ್ಕೆ ಎಣ್ಣೆ ಹಚ್ಚಿಕೊಂಡು ಬಿಸಿನೀರಿನ ಶಾಖ ಕೊಟ್ಟುಕೋ, ನನ್ನ ಚಿಂತೆ ಮಾಡಬೇಡ.

ಸದಾ ನಿನ್ನವನೇ ಆದ,
ಗುಮ್ಮನಗುಸುಕ

ವಿ. ಸೂ.: ಕವರು ಅಂಟಿಸಿ ಆಗಿತ್ತು, ಹರಿದು ತೆಗೆದು ಬರೆಯುತ್ತಿದ್ದೇನೆ. ಲಾಂಡ್ರಿಯವರು ತಪ್ಪು ತಿಳಿದಿರಲಿಲ್ಲ. ಡಾಕ್ಟರಮ್ಮ ಹೇಳಿದ್ದು ದಿನಕ್ಕೆ ಒಬ್ಬರಿಗೆ. ನಾನು ಒಂದೇ ದಿನ ಎಲ್ಲರಿಗೂ ಹೇಳಿ ಮುಗಿಸಿದ್ದು, ಮಾರನೆಯ ದಿನ ನಾನು ಬದುಕಿರಬಾರದು ಎಂದುಕೊಂಡಿದ್ದರಿಂದ. ಗೊಣಗಣ್ಣನಿಗೆ ಅವತ್ತೇ ಅರ್ಥವಾಗಿತ್ತು. ಡಾಕ್ಟರಮ್ಮನಿಗೆ ನಿನ್ನೆ ಬಾಯಿಬಿಟ್ಟು ಹೇಳಿದೆ. ಮಾತ್ರೆ ಬದಲಾಯಿಸಿದ್ದಾರೆ, ಒಬ್ಬರೇ ಇರಬೇಡಿ ಎಂದಿದ್ದಾರೆ, ನಿನ್ನೆಯಿಂದ ಗೊಣಗಣ್ಣ ಇಲ್ಲೇ ಮಲಗುತ್ತಿದ್ದಾನೆ. ಮೇಲೆ ಬರೆದ ಹೂಂ ಸುಳ್ಳು. ಸಹಿ ಮಾಡಬೇಡ. ಬಂದುಬಿಡು.