ಪಂಪ್‌ಹೌಸಿನಲ್ಲಿ ಎಲ್ಲ ಸರಿ ಇದೆ ಎಂದ ದಿನ

ಹುಲಿಹೈದರದ ಪಕೀರಪ್ಪ ಕಾಕಾನವರಿಗೆ,

ಗಂಗಾವತಿಯಿಂದ ಶಾಂಭವಿ ಮಾಡುವ ನಮಸ್ಕಾರ.

ಕಳೆದ ವಾರ ನಿಮ್ಮ ಮನೆಗೆ ಬಂದೆ, ಚಹಾ ಕುಡಿದೆ, ಬಾಳೆಹಣ್ಣಿನ ಚೀಲ ಇಟ್ಟು ಬಸ್ಸು ಹತ್ತಿದೆ. ಹೇಳಬೇಕೆಂದು ಬಂದ ಮಾತನ್ನು ಮಾತ್ರ ಹೇಳಲಿಲ್ಲ. ನೀವು ಹೊರಸಿನ ಮೇಲೆ ಮಲಗಿದ್ದಿರಿ. ನಿಮ್ಮ ಕಾಲಿನ ಕಡೆ ಕಣ್ಣು ಹೋಗಬಾರದೆಂದು ನಾನು ಗೋಡೆ ನೋಡುತ್ತ ಕೂತಿದ್ದೆ. "ಆಫೀಸ್ ಹೆಂಗ ನಡದೈತವಾ?" ಎಂದು ನೀವೇ ಕೇಳಿದಿರಿ. "ಛಲೋ ನಡದೈತಿ ಕಾಕಾ" ಎಂದೆ. ಎದುರಿಗೆ ಬಾಯಿಗೆ ಬಾರದ್ದು ಕಾಗದದ ಮೇಲಾದರೂ ಬಂದೀತೆಂದು ಈಗ ಬರೆಯುತ್ತಿದ್ದೇನೆ.

ನಾನು ನಿಮ್ಮ ಮುಖ ನೋಡುವ ಮೊದಲು ನಿಮ್ಮ ದನಿಯನ್ನು ಎರಡು ವರ್ಷ ಕೇಳಿದ್ದೆ. ನಮ್ಮ ಆಫೀಸು ರೈಸ್ ಮಿಲ್ಲುಗಳ ಓಣಿಯಲ್ಲಿ, ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಹೊಟ್ಟಿನ ಬೂದಿ ಒಳಗೆ ಬರುತ್ತದೆಂದು ಕಿಟಕಿ ಯಾವಾಗಲೂ ಮುಚ್ಚಿಯೇ ಇರುತ್ತದೆ. ನಿಮ್ಮ ಊರಿನ ಗುಡ್ಡದ ಮೇಲಿನ ಟಾಕಿಗೆ ನೀರೇರಿಸಿ ಸುತ್ತಲಿನ ಒಣ ಹಳ್ಳಿಗಳಿಗೆ ಕುಡಿಯಲು ಬಿಡುವ ಕೆಲಸವನ್ನು ನಮ್ಮ ಮಾಲೀಕರು ಪ್ರಭುರಾಜ ಅವರು ಗುತ್ತಿಗೆ ಹಿಡಿದಿದ್ದರು. ಅಲ್ಲಿ ಪಂಪ್‌ಹೌಸಿಗೆ ನೀವು, ಇಲ್ಲಿ ಕಂಪ್ಯೂಟರಿಗೆ ನಾನು. ತಾಸಿಗೊಮ್ಮೆ ನೀವು ಏಣಿ ಹತ್ತಿ ನೀರು ನೋಡಿ, ಇಳಿದು ಬಂದು ಫೋನ್ ಮಾಡುತ್ತಿದ್ದಿರಿ. "ಯವ್ವಾ, ಮೋಟಾರ ಚಾಲೂ ಐತಿ. ನೀರು ಕುತ್ತಿಗಿಮಟ ಬಂದೈತಿ." ನಾನು ಅದನ್ನು ಟೈಪು ಮಾಡಿಕೊಳ್ಳುತ್ತಿದ್ದೆ.

ನೀವು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ. ಟಾಕಿಯ ನೆರಳಿಗೆ ನವಿಲು ಮರಿ ಕಟ್ಟಿಕೊಂಡು ಬಂದಿದೆ ಎನ್ನುತ್ತಿದ್ದಿರಿ. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಕಣಜ ಗೂಡು ಕಟ್ಟಿದೆ, ಅಳಿಲು ವಾಯರು ಕಡಿದಿದೆ ಎನ್ನುತ್ತಿದ್ದಿರಿ. ನಿಮ್ಮ ಮನೆಯಾಕೆ ದುರುಗವ್ವ ಚಿಗವ್ವ ಬುತ್ತಿಗೆ ಪುಂಡಿಪಲ್ಯ ಕಟ್ಟಿದ್ದಾಳೆ ಎನ್ನುತ್ತಿದ್ದಿರಿ, ನಾನು ಊಟ ಮಾಡಿದೆನೋ ಇಲ್ಲವೋ ಎಂದು ಕೇಳುತ್ತಿದ್ದಿರಿ. ಒಂದು ದಿನ ಹೇಳಿದಿರಿ: "ಏಣಿದು ಮ್ಯಾಲಿನ ಪಟ್ಟಿ ಅಲ್ಲಾಡಾಕತ್ತೈತಿ ನೋಡವಾ, ತುಕ್ಕು ತಿಂದೈತಿ. ಸಾಹೇಬ್ರಿಗೆ ಒಂದ್ ಮಾತು ಹಾಕು." ನಾನು ಅದೇ ಸಂಜೆ ಪ್ರಭುರಾಜ ಅವರಿಗೆ ಹೇಳಿದೆ. ಅವರು ಹ್ಞೂಂ ಎಂದರು. ಆಮೇಲೆ ಅವರೂ ಮರೆತರು, ನಾನೂ ಮತ್ತೆ ಕೇಳಲಿಲ್ಲ.

ಆ ಹೊತ್ತಿಗೆ ನನ್ನ ತಲೆಯ ತುಂಬ ನನ್ನ ಪ್ರೋಗ್ರಾಮೇ ಇತ್ತು. ಆಫೀಸಿನವರ ಕೈಲಿ ಪಂಪ್‌ಹೌಸಿನಲ್ಲಿ ಒಂದು ಸಣ್ಣ ಕಂಪ್ಯೂಟರ್ ಇಡಿಸಿ, ಮೋಟಾರನ್ನೂ ನೀರಿನ ಮಟ್ಟವನ್ನೂ ಅದೇ ನೋಡುವಂತೆ ನಾನು ಬರೆದ ಪ್ರೋಗ್ರಾಮು. ಮೊದಮೊದಲು ಅದು ಕಂಡದ್ದನ್ನೆಲ್ಲ ಅಲ್ಲೇ ತನ್ನ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಒಮ್ಮೆ ಸಿಡಿಲಿಗೆ ಕಂಪ್ಯೂಟರ್ ಸುಟ್ಟಾಗ ಫೈಲೂ ಹೋಯಿತು. ಆಗ ನಾನು ಪ್ರೋಗ್ರಾಮು ತಿದ್ದಿದೆ. ಪ್ರತಿ ಸಂದೇಶವನ್ನು ಅದು ಕಂಪ್ಯೂಟರಿನಲ್ಲೇ ಇರುವ ಸಿಸ್ಟಂ ಲಾಗ್ ಎಂಬ ದಾಖಲೆ ಸೇವೆಯ ಕೈಗೆ ಕೊಡಬೇಕು. ಆ ಸೇವೆ ಎಲ್ಲ ಪ್ರೋಗ್ರಾಮುಗಳ ಸಂದೇಶಗಳನ್ನೂ ತೆಗೆದುಕೊಂಡು, ಯಾರು ಕಳಿಸಿದ್ದು, ಎಷ್ಟು ಹೊತ್ತಿಗೆ, ಬರೀ ಸುದ್ದಿಯೋ ಎಚ್ಚರಿಕೆಯೋ ಅಪಾಯವೋ ಎಂದು ಗುರುತು ಹಾಕಿ ಗಂಗಾವತಿಯ ದೊಡ್ಡ ಕಂಪ್ಯೂಟರಿಗೆ ರವಾನಿಸುತ್ತದೆ. ಸುದ್ದಿ ಹಸಿರು ಬಣ್ಣದಲ್ಲಿ ಬರುತ್ತದೆ. ಅಪಾಯವಾದರೆ ಕೆಂಪಾಗಿ ಬಂದು ಕೂಗುತ್ತದೆ. ಇದನ್ನು ಜೋಡಿಸಲು ನಿಮ್ಮಲ್ಲಿಗೆ ಬಂದ ದಿನವೇ ನಾನು ನಿಮ್ಮನ್ನು ಮೊದಲ ಸಲ ಕಂಡದ್ದು. ದನಿ ಕೇಳಿ ಎತ್ತರದ ಆಳೆಂದುಕೊಂಡಿದ್ದೆ, ನೀವು ನನ್ನ ಭುಜಕ್ಕೆ ಬಂದಿರಿ. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡು, "ಅದು ಕಳಸೋದ್ರಾಗ ನನ್ನ ಹೆಸರು ಇರತೈತೇನವಾ?" ಎಂದಿರಿ. "ಇಲ್ಲ ಕಾಕಾ, ಪ್ರೋಗ್ರಾಮಿನ ಹೆಸರು ಇರತೈತಿ" ಎಂದೆ. ನೀವು ನಕ್ಕಿರಿ. ನಾನೂ ನಕ್ಕೆ.

ಒಂದು ತಿಂಗಳು ಎರಡೂ ನಡೆದವು, ನಿಮ್ಮ ಫೋನೂ ಅದರ ಸಂದೇಶವೂ. ಎರಡೂ ಒಂದೇ ಹೇಳುತ್ತಿದ್ದವು. ನಿಮ್ಮ ಫೋನು ಬಂದಾಗಲೆಲ್ಲ ನನಗೆ ಬೇಸರ ಹುಟ್ಟತೊಡಗಿತು. ಗೊತ್ತಿರುವುದನ್ನೇ ಕೇಳಬೇಕಲ್ಲ ಎಂಬ ಬೇಸರ. ಫೋನು ನಿಲ್ಲಿಸಿ ಎಂದು ಆಫೀಸು ಹೇಳಿತೆಂದು ನೀವು ತಿಳಿದಿದ್ದೀರಿ. ಕಾಕಾ, ಆಫೀಸಿನಲ್ಲಿ ಯಾರೂ ಹೇಳಿರಲಿಲ್ಲ. ಅದು ನನ್ನದೇ ಮಾತು. "ಇನ್ನ ನೀವು ಫೋನ್ ಮಾಡೂದು ಬ್ಯಾಡ್ರಿ, ಎಲ್ಲಾ ತಾನ ಬರತೈತಿ" ಎಂದೆ. "ಹಂಗಾರ ನಾ ಮಾತಾಡೂದು ಏನೂ ಉಳೀಲಿಲ್ಲ ಅನ್ನು" ಎಂದಿರಿ. ನಾನು ಇನ್ನೊಂದು ಫೋನು ಬರುತ್ತಿದೆಯೆಂದು ಹೇಳಿ ಇಟ್ಟುಬಿಟ್ಟೆ. ಇನ್ನೊಂದು ಫೋನು ಯಾವುದೂ ಬರುತ್ತಿರಲಿಲ್ಲ.

ಬೇಸಿಗೆಯ ಆ ದಿನ ಕೊಪ್ಪಳದಿಂದ ಇಂಜಿನಿಯರುಗಳು ನನ್ನ ಕೆಲಸ ನೋಡಲು ಬಂದಿದ್ದರು. ನಾನು ಹೊಸ ಸೀರೆ ಉಟ್ಟಿದ್ದೆ. ಪರದೆಯ ಮೇಲೆ ಒಂದರ ಕೆಳಗೊಂದು ಹಸಿರು ಸಾಲುಗಳು ಇಳಿಯುತ್ತಿದ್ದವು: ಮೋಟಾರು ಚಾಲೂ, ನೀರು ಮುಕ್ಕಾಲು, ಕರೆಂಟು ಸರಿ. ಅವರಲ್ಲಿ ವಯಸ್ಸಾದ ಒಬ್ಬರು, "ಅಲ್ಲಿ ಮನಷ್ಯಾರು ಯಾರರ ಅದಾರೇನ್ರಿ?" ಎಂದು ಕೇಳಿದರು. "ಒಬ್ರು ಅದಾರ್ರಿ. ಆದ್ರ ಅವರನ್ನ ಕೇಳೋ ಜರೂರತ್ತ ಇಲ್ರಿ" ಎಂದೆ. ಎಲ್ಲರೂ ತಲೆದೂಗಿದರು. ಪ್ರಭುರಾಜ ಅವರು ಪೇಡೆ ತರಿಸಿದರು.

ನಾನು ಪೇಡೆ ತಿನ್ನುವಾಗ ನೀವು ಟಾಕಿಯ ಬುಡದ ಬಂಡೆಯ ಮೇಲೆ ಬಿದ್ದಿದ್ದಿರಿ. ಬೆಳಿಗ್ಗೆ ನೀರಿಗೆ ಬ್ಲೀಚಿಂಗ್ ಪುಡಿ ಹಾಕಲು ಹತ್ತಿದಾಗ ಏಣಿಯ ಮೇಲಿನ ಪಟ್ಟಿ ಕಿತ್ತು ಬಂದಿತ್ತು. ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದಿತ್ತು. ಫೋನು ಒಳಗೆ, ಮೊಳೆಗೆ ಹಾಕಿದ ಅಂಗಿಯ ಜೇಬಿನಲ್ಲಿತ್ತು. ನೆರಳು ಸರಿದ ಹಾಗೆ ಬಿಸಿಲು ಪಾದದಿಂದ ಮೇಲೇರುತ್ತ ಬಂತೆಂದು ನೀವು ದವಾಖಾನೆಯಲ್ಲಿ ಹೇಳಿದಿರಿ. ಒಳಗೆ ಮೋಟಾರು ಓಡುತ್ತಿರುವ ಸಪ್ಪಳ ಕೇಳಿಸುತ್ತಿತ್ತು, ಹಳ್ಳಿಗಳಿಗೆ ನೀರು ಹೋಗುತ್ತಿದೆ ಎಂಬುದೊಂದೇ ಸಮಾಧಾನ ಎಂದಿರಿ. ಅದನ್ನು ನೀವು ನನ್ನ ಮನಸ್ಸಿಗೆ ಹಗುರಾಗಲೆಂದು ಹೇಳಿದಿರಿ. ಕಾಕಾ, ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊದಲಿನ ಹಾಗಿದ್ದರೆ ಒಂದು ತಾಸಿನ ಫೋನು ತಪ್ಪಿದ ಕೂಡಲೇ ನಾನು ತಿರುಗಿ ಮಾಡುತ್ತಿದ್ದೆ. ನೀವು ಎತ್ತದಿದ್ದರೆ ಊರಲ್ಲಿ ಯಾರನ್ನಾದರೂ ಗುಡ್ಡಕ್ಕೆ ಓಡಿಸುತ್ತಿದ್ದೆ. ನಮ್ಮ ಲಾಗಿನಲ್ಲಿ ಆ ಇಡೀ ದಿನ ಒಂದೂ ಕೆಂಪು ಸಾಲಿಲ್ಲ.

ಬಿಸಿಲು ಇಳಿದಾಗ ಚಿಗವ್ವ ಕೂಲಿಯಿಂದ ಬಂದಳು. ನೀವು ಮನೆಗೆ ಬಂದಿರಲಿಲ್ಲವೆಂದು ಗುಡ್ಡ ಹತ್ತಿದಳು. ಅವಳೇ ಕೂಗಿ ಜನ ಕೂಡಿಸಿ ನಿಮ್ಮನ್ನು ಕೊಪ್ಪಳಕ್ಕೆ ಸಾಗಿಸಿದಳು.

ನಾನು ಮರುದಿನ ದವಾಖಾನೆಗೆ ಬಂದೆ. ಚಿಗವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ಯಾರೆಂದು ಹೇಳಿದ ಮೇಲೆ ಪಕ್ಕಕ್ಕೆ ಸರಿದಳು. ನಿಮ್ಮ ತುಟಿಗಳು ಒಡೆದು ಕರಿಯಾಗಿದ್ದವು. ನೀವು ಚಿಗವ್ವನ ಕಡೆ ತಿರುಗಿ, "ಇಕೀ ನೋಡು, ನಾ ಹೇಳತಿದ್ನಲ್ಲ, ಫೋನಿನ ಹುಡುಗಿ" ಎಂದಿರಿ. ಮನೆಗೆ ನೆಂಟರು ಬಂದ ಹಾಗೆ ಹೇಳಿದಿರಿ. ನೀವು ಬೈದಿದ್ದರೆ ನಾನು ಅಲ್ಲೇ ಅತ್ತು ಮುಗಿಸುತ್ತಿದ್ದೆ.

ಆ ವಾರ ಪ್ರಭುರಾಜ ಅವರು ನನ್ನನ್ನು ಕರೆದು ಆ ದಿನದ ಸಂದೇಶಗಳನ್ನೆಲ್ಲ ಮುದ್ರಿಸಿ ಸಹಿ ಹಾಕಲು ಹೇಳಿದರು. ಏಣಿ ಗಟ್ಟಿ ಇತ್ತು, ನಿಮ್ಮ ಕಾಲೇ ಜಾರಿತು, ಏಣಿಯ ಬಗ್ಗೆ ಯಾವ ದೂರೂ ಬಂದಿರಲಿಲ್ಲ ಎಂದು ಬರೆಯಬೇಕಾಗಿತ್ತು. "ಪಟ್ಟಿ ಅಲ್ಲಾಡತೈತಿ ಅಂತ ಕಾಕಾ ಹೇಳಿದ್ರು. ನಾ ನಿಮಗ ಹೇಳೀನ್ರಿ" ಎಂದೆ. ಅವರು ಸಿಟ್ಟಾಗಲಿಲ್ಲ, ಮೆತ್ತಗೆ ಕೇಳಿದರು: "ಲಾಗಿನ್ಯಾಗ ಐತೇನವಾ ಅದು?"

"ಇಲ್ರಿ. ನನ್ನ ಕಿವ್ಯಾಗ ಐತಿ."

ಆ ಮಾತನ್ನು ನಾನೇ ಆಡಿದೆನೆಂದು ನನಗೇ ನಂಬಿಕೆಯಾಗಲಿಲ್ಲ. ಮುದ್ರಿಸಿದ ಹಾಳೆಯ ಕೆಳಗೆ, ಏಣಿಯ ಸುದ್ದಿ ಫೋನಿನಲ್ಲಿ ಬಂದಿತ್ತು, ಆ ಫೋನನ್ನು ಆಮೇಲೆ ನಿಲ್ಲಿಸಿದವಳು ನಾನು ಎಂದು ಬರೆದು ಸಹಿ ಹಾಕಿದೆ. ಇದೇ ಹಾಳೆ ಮೇಲಿನವರಿಗೂ ಹೋಗಲಿ ಎಂದೆ. ಅವರು ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು. ಕೊನೆಗೆ ದವಾಖಾನೆಯ ಖರ್ಚು ಆಫೀಸೇ ಹೊತ್ತುಕೊಂಡಿತು. ನಿಮ್ಮ ಕೆಲಸ ಮಾತ್ರ ಉಳಿಯಲಿಲ್ಲ. ಏಣಿ ಹತ್ತಲಾಗದವರಿಗೆ ಗುಡ್ಡದ ಮೇಲೆ ಕೆಲಸವಿಲ್ಲ ಎಂದರು.

ಈಗ ಅಲ್ಲಿ ಗ್ಯಾನಪ್ಪ ಇದ್ದಾನೆ. ಅವನಿಗಾಗಿ ಗೋಡೆಗೊಂದು ಗುಂಡಿ ಇಟ್ಟಿದ್ದೇನೆ. ತಾಸಿಗೊಮ್ಮೆ ಒತ್ತಬೇಕು. ಒತ್ತದಿದ್ದರೆ ಪ್ರೋಗ್ರಾಮು ಲಾಗ್ ಸೇವೆಗೆ ಕೆಂಪು ಸಂದೇಶ ಕಳಿಸುತ್ತದೆ, ಇಲ್ಲಿ ಆಫೀಸೆಲ್ಲ ಕೇಳುವಂತೆ ಕೂಗುತ್ತದೆ. ಆ ಸಂದೇಶದಲ್ಲಿ ಗ್ಯಾನಪ್ಪನ ಹೆಸರೂ ಬರುತ್ತದೆ. ಹೊಸ ಏಣಿಯೂ ಬಂದಿದೆ. ಇದು ಎಲ್ಲರಿಗೂ ಮೆಚ್ಚಿಗೆಯಾಗಿ ಯಲಬುರ್ಗಾ, ಕುಷ್ಟಗಿ ಕಡೆಯ ಪಂಪ್‌ಹೌಸುಗಳಿಗೂ ಇದನ್ನೇ ಹಾಕುತ್ತಿದ್ದಾರೆ. ಹೋದ ತಿಂಗಳು ಸಭೆ ಮಾಡಿ ನನಗೆ ಶಾಲು ಹೊದಿಸಿದರು. ಚಪ್ಪಾಳೆ ಹೊಡೆದರು. ನೀವು ಬಿದ್ದದ್ದರಿಂದ ನನಗೆ ಹೆಸರು ಬಂತು ಕಾಕಾ. ಮನೆಗೆ ಬಂದು ಆ ಶಾಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಕಳೆದ ವಾರ ನಾನು ನಿಮ್ಮ ಮನೆಯಿಂದ ಹೊರಟಾಗ ಚಿಗವ್ವ ಬಸ್ಸಿನವರೆಗೆ ಬಂದಳು. ಬಸ್ಸು ಕಾಣಿಸಿದ ಮೇಲೆ ಬಾಯಿ ಬಿಟ್ಟಳು. "ಬಿದ್ದಿದ್ದಕ್ಕ ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲವಾ. ಕಬ್ಬಿಣ ಮುರೀತು, ಬಿದ್ರು. ಆದ್ರ ನೀ ಫೋನ್ ಬ್ಯಾಡ ಅಂದಿಂದ ಅವರು ತಾಸಿಗೊಮ್ಮಿ ಫೋನ್ ಕೈಯಾಗ ಹಿಡಕೊಂಡು ಕುಂದರತಿದ್ರು. ಇವತ್ತ ಅಕಿನ ಮಾಡ್ತಾಳ, ನಾಳಿ ಮಾಡ್ತಾಳ ಅಂತಿದ್ರು. ನಮಗ ಮಕ್ಕಳಿಲ್ಲ, ಗೊತ್ತೈತಿಲ್ಲೋ ನಿನಗ?"

ಗೊತ್ತಿರಲಿಲ್ಲ ಕಾಕಾ. ಎರಡು ವರ್ಷ ದಿನವೂ ನನ್ನ ಊಟ ವಿಚಾರಿಸಿದವರನ್ನು ನಾನು ಒಂದು ಸಲವೂ ಮನೆಯಲ್ಲಿ ಯಾರಿದ್ದಾರೆಂದು ಕೇಳಿರಲಿಲ್ಲ.

ಏಣಿಯದು ಪ್ರಭುರಾಜ ಅವರ ತಪ್ಪಿರಬಹುದು, ಬಿಸಿಲು ಯಾರ ತಪ್ಪೂ ಅಲ್ಲದಿರಬಹುದು. ಆದರೆ ನಿಮ್ಮನ್ನು ಹಾಗೆ ಫೋನಿಗೆ ಕಾಯಿಸಿದ್ದೊಂದನ್ನು ನಾನು ಯಾರ ತಲೆಗೂ ಕಟ್ಟಲಾರೆ. ಮನ್ನಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ತಕ್ಷಣ ಮನ್ನಿಸಿಬಿಡುತ್ತೀರಿ, ಅಷ್ಟು ಸಲೀಸಾಗಿ ಅದು ಆಗಬಾರದು.

ಬಿದ್ದಾಗ ಒಡೆದ ನಿಮ್ಮ ಕನ್ನಡಕದ ಬದಲು ಇನ್ನೂ ಬೇರೆ ಮಾಡಿಸಿಲ್ಲ. ಆದ್ದರಿಂದ ಇದನ್ನೆಲ್ಲ ಓದಿ ಹೇಳುತ್ತಿರುವವಳು ಚಿಗವ್ವನೇ. ಚಿಗವ್ವಾ, ಇಲ್ಲಿಯವರೆಗೆ ಓದಿದ್ದೀಯಲ್ಲ, ಅದೇ ನನಗೆ ದೊಡ್ಡದು. ನನ್ನ ಪರವಾಗಿ ದನಿ ಮೆತ್ತಗೆ ಮಾಡಿ ಓದಬೇಡ, ಹೇಗೆ ಬರುತ್ತದೋ ಹಾಗೆ ಓದು. ಮುಂದಿನ ಸೋಮವಾರ ಕೊಪ್ಪಳದ ಡಾಕ್ಟರು ಕಾಕಾನನ್ನು ಕರೆದಿದ್ದಾರೆಂದು ಕೇಳಿದ್ದೇನೆ. ಬೆಳಿಗ್ಗೆ ಗಾಡಿ ಮಾಡಿಕೊಂಡು ಬಾಗಿಲಿಗೆ ಬರುತ್ತೇನೆ. ಬರುವಾಗ ಕನ್ನಡಕದ ಅಂಗಡಿಗೂ ಹೋಗಿ ಬರೋಣ. ದಾರಿಯುದ್ದಕ್ಕೂ ನೀನು ಮಾತಾಡದಿದ್ದರೂ ಸರಿ, ಬೈದರೂ ಸರಿ. ಬರಬೇಡ ಎಂದು ಮಾತ್ರ ಅನ್ನಬೇಡ.

ಕಾಕಾ, ನಿಮ್ಮ ನೋವು ದಿನದಿನಕ್ಕೆ ಇಳಿಯಲಿ, ಮಳೆಗಾಲ ಮುಗಿಯುವುದರೊಳಗೆ ನೀವು ಕೋಲಿಲ್ಲದೆ ಅಂಗಳಕ್ಕೆ ಬರುವಂತಾಗಲಿ.

ನಿಮ್ಮಿಬ್ಬರ ಕಾಲಿಗೆ ಬೀಳುವ,
ಶಾಂಭವಿ